ಶ್ರಾವಣಕ್ಕೆ ಬಂದ ಚಿಪ್ಪಣಬೆ

ತವರಿನಿಂದ ಹೆಣ್ಣುಮಕ್ಕಳಿಗೆ ಸೀರೆ ಬರುತ್ತದೆ, ಬಾಗಿನ ಬರುತ್ತದೆ, ಮಾವಿನಕಾಯಿ ಕಾಲದಲ್ಲಿ ಉಪ್ಪಿನಕಾಯಿ ಭರಣಿ ಬರುತ್ತದೆ. ನನಗೆ ಹುಲ್ಲು ಬಂತು. ಒಂದು ಗೂಡ್ಸ್ ಆಟೋ ತುಂಬ ಭತ್ತದ ಹುಲ್ಲು, ಹಗ್ಗ ಬಿಗಿದುಕೊಂಡು, ಕೊಣನೂರಿನಿಂದ ಹೊರಟು ಅರಕಲಗೂಡು, ಹೊಳೆನರಸೀಪುರ ದಾಟಿ, ದಂಡಿಗನಹಳ್ಳಿ ಪಕ್ಕದ ನಮ್ಮೂರಿನಲ್ಲಿ ಬಂದು ನಿಂತಿತು. ನಲ್ಲಿ ಹತ್ತಿರ ಇದ್ದ ಹೆಂಗಸರೆಲ್ಲ ಬಿಂದಿಗೆ ಕೆಳಗಿಟ್ಟು ನೋಡಿದರು.

"ಏನವ್ವ, ನಿಮ್ಮಣ್ಣ ನಿನ್ನ ಏನು ಅಂದ್ಕಂಡವ್ನೆ? ಉಲ್ಲು ಕಳ್ಸವ್ನಲ್ಲ!" ಎಂದಳು ಎದುರು ಮನೆಯಾಕೆ. ಆಟೋ ಡ್ರೈವರೂ ನಕ್ಕುಬಿಟ್ಟ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು. ಆದರೆ ಅವತ್ತು ಬರಲಿಲ್ಲ. ಹುಲ್ಲಿನೊಳಗೆ ಕೈ ತೂರಿಸಿ ನೋಡಿದೆ. ಬೆಚ್ಚಗೆ, ಗರಿಗರಿಯಾಗಿ, ಒಂದು ಹನಿ ಮಳೆ ತಾಕದ ಹುಲ್ಲು. ಮದುವೆಯಾಗಿ ಹದಿನೇಳು ವರ್ಷದಲ್ಲಿ ತವರಿನ ಯಾವ ಸೀರೆಗೂ ನಾನು ಅಷ್ಟು ಹಿಗ್ಗಿರಲಿಲ್ಲ.

ಅದರ ಹಿಂದಿನ ತಿಂಗಳು ಹಾಸನದಲ್ಲಿ ಮೂರು ದಿನ ಅಣಬೆ ಬೇಸಾಯದ ತರಬೇತಿಗೆ ಹೋಗಿಬಂದಿದ್ದೆ. ಬೇಡವಾದ ಹುಲ್ಲು, ಜೋಳದ ಬೆಂಡು, ತೆಂಗಿನ ನಾರಿನ ಪುಡಿ, ಏನಿದ್ದರೂ ಸರಿ, ಅದರ ಮೇಲೆ ಚಿಪ್ಪಣಬೆ ಬರುತ್ತದೆ ಎಂದು ಅಲ್ಲಿನ ಮೇಡಂ ಹೇಳಿದ್ದರು. ನಾನು ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸಿ ತಲೆಯಾಡಿಸಿ ಕುತ್ತಿಗೆ ನೋಯಿಸಿಕೊಂಡಿದ್ದೆ. ಬೇಡವಾದ ಹುಲ್ಲು ಎಂದು ಹಾಸನದಲ್ಲಿ ಫ್ಯಾನಿನ ಕೆಳಗೆ ಕೂತು ಹೇಳುವುದು ಸುಲಭ. ನಮ್ಮ ಮನೆಯಲ್ಲಿ ಬೇಡವಾದ ಹುಲ್ಲೇ ಇರಲಿಲ್ಲ. ಕೊಟ್ಟಿಗೆಯಲ್ಲಿ ನಾಲ್ಕು ಹಸು, ಒಂದು ಎಮ್ಮೆ. ರಾಗಿ ಹುಲ್ಲಿನ ಮೆದೆಗೆ ನನ್ನ ಮೈದುನನ ಕಾವಲು. "ಅತ್ಗೆ, ದನ ತಿನ್ನೋ ಉಲ್ಲ ಬೇಯ್ಸಿ ಕವರಿಗೆ ತುಂಬ್ತೀರಂತೆ. ಅಂಗಾರೆ ದನಕ್ಕೆ ಏನಾಕನ, ಅಣ್ಬೆ ಸಾರಾ?" ಎಂದು ಕೇಳಿದ್ದ. ಅದಕ್ಕೇ ಕೊಣನೂರಿನ ಅಣ್ಣನಿಗೆ ಫೋನ್ ಮಾಡಿದ್ದು. ಹೊಳೆ ಪಕ್ಕದ ಗದ್ದೆಯವರು ಅವರು, ಹುಲ್ಲಿಗೆ ಬರವಿಲ್ಲ.

ಹುಲ್ಲೇನೋ ಬಂತು. ಜಾಗ? ನಮ್ಮ ಹಿತ್ತಲಿನಲ್ಲಿ ಹುಳದ ಮನೆ ಅಂತ ಒಂದಿದೆ. ಉದ್ದನೆಯ ಕೋಣೆ, ಎತ್ತರದ ಮಾಡು, ಗೋಡೆಗೆ ಸಣ್ಣ ಸಣ್ಣ ಕಿಟಕಿ, ಅದಕ್ಕೆಲ್ಲ ಜಾಲರಿ. ಮೂವತ್ತು ವರ್ಷ ನಮ್ಮತ್ತೆ ಅದರೊಳಗೆ ರೇಷ್ಮೆ ಹುಳು ಸಾಕಿದ್ದರು. ಹಿಪ್ಪುನೇರಳೆ ಕಿತ್ತು ಆಲೂಗಡ್ಡೆ ಹಾಕಲು ಶುರು ಮಾಡಿದ ಮೇಲೆ ಹುಳು ನಿಂತಿತು, ಕೋಣೆಗೆ ಬೀಗ ಬಿತ್ತು. ಅತ್ತೆ ಜಗುಲಿಗೆ ಬಂದು ಕೂತರು. ಕೂತು, ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದರು, ನಾನು ಮಾಡಿದ ಒಗ್ಗರಣೆ ಸೀದಿದೆ ಎಂದು ಜಗುಲಿಯಿಂದಲೇ ಕೂಗಿ ಹೇಳುತ್ತಿದ್ದರು.

ಆ ಕೋಣೆಯ ಮೇಲೆ ಮೈದುನನ ಕಣ್ಣೂ ಇತ್ತು. ಕಿತ್ತ ಆಲೂಗಡ್ಡೆ ರಾಶಿ ಹಾಕಲು ಅಷ್ಟು ತಂಪಾದ ಜಾಗ ಊರಲ್ಲಿ ಇನ್ನೊಂದಿರಲಿಲ್ಲ. ನನಗೋ, ಆ ಮನೆಯಲ್ಲಿ ಇದು ನನ್ನದು ಎನ್ನಲು ಒಂದು ಗೂಡೂ ಇರಲಿಲ್ಲ. ಅಡುಗೆಮನೆ ಅತ್ತೆಯದು, ಕೊಟ್ಟಿಗೆ ಮೈದುನನದು, ಟಿವಿ ಮಕ್ಕಳದು. ಆ ಕೋಣೆ ನನಗೆ ಬೇಕೇ ಬೇಕಿತ್ತು. ಇಬ್ಬರೂ ಜಗುಲಿಯ ಮುಂದೆ ನಿಂತು ವಾದ ಮಾಡಿದೆವು. ನಮ್ಮ ಯಜಮಾನರು ಊರಿನ ಡೈರಿಯಲ್ಲಿ ಹಾಲು ಅಳೆಯುವವರು, ಜಗಳ ಶುರುವಾಗುತ್ತಿದ್ದಂತೆ ಡೈರಿಗೆ ಹೊತ್ತಾಯಿತು ಎಂದು ಹೊರಟೇಬಿಟ್ಟರು.

ಅತ್ತೆ ತೀರ್ಪು ಕೊಟ್ಟರು. "ಒಂದ್ ಬೆಳೆ ಬೆಳ್ಕಳಮ್ಮಿ. ಆದ್ರೆ ಬೆಳೆದದ್ದು ಒಂದ್ ಎಸ್ಳೂ ತಿಪ್ಪೆಗೋಗ್ಬಾರದು. ಓಯ್ತೋ, ರೂಮು ಅವುನ್ದು. ಆಲೂಗಡ್ಡೆ ಕೀಳೋ ಒತ್ಗೆ ನೋಡನ."

ಆಷಾಢ ಆಗಷ್ಟೇ ಕಾಲಿಟ್ಟಿತ್ತು. ಆಷಾಢದಲ್ಲಿ ಯಾರು ಹೊಸ ಕೆಲಸ ಶುರು ಮಾಡುತ್ತಾರೆ ಎಂದು ಊರೇ ಕೇಳಿತು. ಅಣಬೆಗೆ ಯಾವ ಆಷಾಢ, ಅದೇನು ಹೊಸ ಮದುವೆ ಹೆಣ್ಣಾ ಎಂದು ನಾನು ಎಲ್ಲರ ಬಾಯಿ ಮುಚ್ಚಿಸಿದೆ. ಬೆರಳು ಮಡಚಿ ಎಣಿಸಿದೆ. ಚೀಲ ತುಂಬಿ ಮೂರು ವಾರಕ್ಕೆ ಹುಲ್ಲೆಲ್ಲ ಬೆಳ್ಳಗಾಗುತ್ತದೆ, ಆಮೇಲೆ ನಾಲ್ಕೈದು ದಿನಕ್ಕೆ ಮೊದಲ ಕೊಯ್ಲು. ಆಷಾಢವನ್ನು ಗೆದ್ದ ಸಂಭ್ರಮದಲ್ಲಿ ಅದರ ಬೆನ್ನ ಹಿಂದೆ ನಿಂತಿದ್ದ ಶ್ರಾವಣ ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಹುಲ್ಲನ್ನು ಕತ್ತರಿಸಿ, ಒಂದು ರಾತ್ರಿ ನೆನೆಸಿ, ಬಿಸಿನೀರಿನಲ್ಲಿ ಬೇಯಿಸಬೇಕು. ಅಷ್ಟು ದೊಡ್ಡ ಪಾತ್ರೆ ನಮ್ಮಲ್ಲಿದ್ದದ್ದು ಬಚ್ಚಲುಮನೆಯ ಹಂಡೆಯೊಂದೇ. ಮೂರು ದಿನ ಮನೆಮಂದಿಯೆಲ್ಲ ಹುಲ್ಲಿನ ಕಷಾಯದಲ್ಲಿ ಸ್ನಾನ ಮಾಡಿದರು. ಯಜಮಾನರು ಡೈರಿಗೆ ಹೋದಾಗ ಹಾಲು ಹಾಕಲು ಬಂದವರ ಹಿಂದೆ ಬಂದ ಕರುವೊಂದು ಇವರ ತೋಳು ನೆಕ್ಕಿತಂತೆ. ಬಂದು ಹೇಳುವಾಗ ಅವರ ಮುಖ ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗಬೇಡ ಕಣೇ ಎನ್ನುತ್ತ ಅವರೂ ನಕ್ಕರು.

ಬೆಂದ ಹುಲ್ಲನ್ನು ಆರಿಸಿ, ಪ್ಲಾಸ್ಟಿಕ್ ಕವರಿಗೆ ಒಂದು ಪದರ ಹುಲ್ಲು, ಒಂದು ಹಿಡಿ ಅಣಬೆ ಬೀಜ, ಮತ್ತೆ ಹುಲ್ಲು, ಮತ್ತೆ ಬೀಜ ಎಂದು ತುಂಬಿ, ಬಾಯಿ ಕಟ್ಟಿ, ಸುತ್ತ ತೂತು ಮಾಡಿ, ಹುಳದ ಮನೆಯ ತೊಲೆಗೆ ಸಾಲಾಗಿ ನೇತುಹಾಕಿದೆ. ನಲವತ್ತು ಚೀಲ. ಬಾಗಿಲಲ್ಲಿ ನಿಂತು ನೋಡಿದರೆ ಎದೆ ತುಂಬಿ ಬಂತು.

ಆರನೇ ದಿನಕ್ಕೆ ಅತ್ತೆ ಬಾಗಿಲು ಸಂದಿಯಿಂದ ಇಣುಕಿ ಬಾಯಿ ಬಾಯಿ ಬಡಿದುಕೊಂಡರು. "ಅಯ್ಯೋ ಯಮ್ಮಿ, ಬೂಷ್ಟು ಇಡ್ದೋಯ್ತಲ್ಲೇ! ಎಲ್ಲಾ ಬಿಳೀ ಬೂಷ್ಟು!"

"ಅದೇ ಅತ್ತೆ ಬೆಳೆ! ಅಂಗೇ ಆಗ್ಬೇಕು!" ಎಂದು ನಾನು ಕುಣಿದೆ.

ಅವರು ಅನುಮಾನದಿಂದ ಒಳಗೆ ಬಂದರು. ಒಂದೊಂದು ಚೀಲಕ್ಕೂ ಮೂಗು ಹಚ್ಚಿದರು, ಅಂಗೈ ಆನಿಸಿ ಬಿಸಿ ನೋಡಿದರು. "ಜ್ವರಕ್ಕೆ ಕೂತವೆ," ಎಂದರು. ರೇಷ್ಮೆ ಹುಳು ಪೊರೆ ಬಿಡುವ ಮೊದಲು ಸೊಪ್ಪು ಬಿಟ್ಟು ಸುಮ್ಮನಾಗುತ್ತದಲ್ಲ, ಅದಕ್ಕೆ ಜ್ವರ ಎನ್ನುತ್ತಾರೆ. ಇದು ಹುಳು ಅಲ್ಲ ಎಂದು ನಾನು ಹೇಳಿ ನೋಡಿದೆ. ಅವರ ಕಿವಿಗೆ ಬೀಳಲಿಲ್ಲ. ಮಾರನೇ ದಿನದಿಂದ ಹುಳದ ಮನೆಯ ಹಳೇ ಕಾನೂನುಗಳೆಲ್ಲ ಜಾರಿಗೆ ಬಂದವು. ಒಳಗೆ ಜೋರಾಗಿ ಮಾತಾಡುವಂತಿಲ್ಲ. ಚಪ್ಪಲಿ ಹೊರಗೆ. ಮಲ್ಲಿಗೆ ಮುಡಿದು ಬರುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ. ಹೊರಗಿನವರ ಕಣ್ಣು ಬೀಳಬಾರದು ಎಂದು ಬಾಗಿಲಿಗೆ ಗೋಣಿತಾಟು ಕಟ್ಟಿದರು. ಬೀಡಿ ಸೇದಿ ಬಂದ ಮೈದುನನನ್ನು ಹಿತ್ತಲಿನಿಂದಲೇ ಓಡಿಸಿದರು. ನನಗೆ ಒಂದು ಕಡೆ ರೇಗುತ್ತಿತ್ತು, ಇನ್ನೊಂದು ಕಡೆ ಖುಷಿ. ಏನೇ ಇರಲಿ, ನನ್ನ ಒಗ್ಗರಣೆಯನ್ನು ಬೈಯಲು ಅವರಿಗೆ ಪುರುಸೊತ್ತು ಇರಲಿಲ್ಲ.

ಇಪ್ಪತ್ತೊಂದನೇ ದಿನ ಕವರು ಬಿಚ್ಚಿ ನೀರು ಚಿಮುಕಿಸಿದೆ. ಇಪ್ಪತ್ಮೂರಕ್ಕೆ ಸಾಸಿವೆ ಕಾಳಿನಷ್ಟು ಮೊಗ್ಗು. ಆಮೇಲೆ ನಾನು ಮನುಷ್ಯಳಾಗಿ ಉಳಿಯಲಿಲ್ಲ. ಒಲೆ ಮೇಲೆ ಹಾಲಿಟ್ಟು ಹುಳದ ಮನೆಗೆ ಓಡುವುದು, ಹಾಲು ಉಕ್ಕುವುದು. ರೊಟ್ಟಿ ಹಾಕಿ ಓಡುವುದು, ರೊಟ್ಟಿ ಕರಕಲಾಗುವುದು. ಬೆಳಿಗ್ಗೆ ಬೆರಳಷ್ಟಿದ್ದದ್ದು ಸಂಜೆಗೆ ಅಂಗೈಯಷ್ಟು. ಒಂದರ ಮೇಲೊಂದು ಚಿಪ್ಪು ಜೋಡಿಸಿದ ಹಾಗೆ, ಬೂದು ಬಿಳುಪು, ಮುಟ್ಟಿದರೆ ಮಗುವಿನ ಕಿವಿಯಷ್ಟು ಮೆತ್ತಗೆ. ನೂರು ಫೋಟೋ ತೆಗೆದು ತರಬೇತಿಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಅರಕಲಗೂಡಿನ ಒಬ್ಬ ಹೆಂಗಸು ಮಾತ್ರ "ಚೆನ್ನಾಗಿದೆ, ಆದ್ರೆ ಈಗ್ಯಾಕೆ?" ಎಂದು ಬರೆದಿದ್ದಳು. ಹೊಟ್ಟೆಕಿಚ್ಚಿನವಳು ಎಂದುಕೊಂಡೆ.

ಭೀಮನ ಅಮಾವಾಸ್ಯೆ ಬಂತು. ಹೆಂಡತಿಯರು ಗಂಡನ ಪಾದ ತೊಳೆದು ಪೂಜೆ ಮಾಡುವ ದಿನ. ನಾನು ತಟ್ಟೆಯಲ್ಲಿ ಅವರ ಪಾದ ಇರಿಸಿಕೊಂಡು ಅರಿಶಿನ ಹಚ್ಚುತ್ತಿದ್ದೆ, ಮನಸ್ಸೆಲ್ಲ ಹಿತ್ತಲಲ್ಲಿತ್ತು. "ನಾಳೆ ಬುಟ್ಟಿ ತುಂಬ ಕೊಯ್ದು ಚನ್ನರಾಯಪಟ್ಟಣಕ್ಕೆ ತಗಂಡೋಗ್ತೀನಿ," ಎಂದೆ.

"ನಾಳೆಯಿಂದ ಶ್ರಾವಣ ಅಲ್ವೇನೆ?" ಎಂದರು ಅವರು.

ನಾನು ಪಾದ ಹಿಡಿದವಳು ಹಿಡಿದೇ ಇದ್ದೆ. ನೀರು ಆರಿಹೋಯಿತು. ನಮ್ಮ ಕಡೆ ಶ್ರಾವಣದಲ್ಲಿ ಬಾಡು ಮುಟ್ಟುವುದಿಲ್ಲ. ಅಣಬೆ ಬಾಡೂ ಅಲ್ಲ, ತರಕಾರಿಯೂ ಅಲ್ಲ ಎಂದು ಬಾಯಲ್ಲಿ ಹೇಳುತ್ತೇವೆ, ಆದರೆ ಸೋಮವಾರ ಶನಿವಾರ ಯಾವ ಮನೆಯಲ್ಲೂ ಮಾಡುವುದಿಲ್ಲ, ಶ್ರಾವಣದಲ್ಲಂತೂ ಅದರ ಹೆಸರೆತ್ತುವುದಿಲ್ಲ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಹುಲ್ಲು ಬೇಯಿಸುವ ಹದ ಗೊತ್ತಾಯಿತು, ಬೀಜದ ಅಳತೆ ಗೊತ್ತಾಯಿತು, ಹುಟ್ಟಿದಾಗಿನಿಂದ ಗೊತ್ತಿದ್ದದ್ದು ಮಾತ್ರ ಮರೆತುಹೋಯಿತು. ನನ್ನ ತಲೆಗೆ ನಾನೇ ನಾಲ್ಕು ಬಾರಿಸಿಕೊಳ್ಳೋಣ ಅನ್ನಿಸಿತು.

ಆದರೂ ಹೋದೆ. ಹಟ. ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೆ ಬುಟ್ಟಿ ಹೊತ್ತು ಚನ್ನರಾಯಪಟ್ಟಣಕ್ಕೆ ಹೋದೆ. ತರಕಾರಿ ಅಂಗಡಿಯವನು ಬಟ್ಟೆ ಸರಿಸಿ ನೋಡಿ, ಪಾಪ, ಚೆನ್ನಾಗಿ ಬೆಳೆದಿದೀರ ಅಕ್ಕ ಎಂದು ಮತ್ತೆ ಮುಚ್ಚಿದ. ಹೋಟೆಲಿನವನು ಬಾಣಲೆ ತೋರಿಸಿದ. "ಕಬಾಬ್ ಬಾಣ್ಲೆನೇ ಉಜ್ಜಿ ಮೇಲಿಟ್ಟಿವ್ನಿ ಅಕ್ಕ. ಈಗ ಮಶ್ರೂಮ್ ಯಾರ್ ಕೇಳ್ತಾರೆ?" ಕೊನೆಗೆ ಬಾಯಾರಿ ಒಂದು ದಿನಸಿ ಅಂಗಡಿಯ ಮುಂದೆ ನಿಂತೆ. ಜೈನರ ಅಂಗಡಿ. ಗಲ್ಲಾದಲ್ಲಿ ಕೂತಿದ್ದ ಹಿರಿಯ ಹೆಂಗಸು ಸ್ಟೂಲು ಕೊಟ್ಟು ಕೂರಿಸಿ, ಮಜ್ಜಿಗೆ ತರಿಸಿದರು. ಬುಟ್ಟಿಯಲ್ಲಿ ಏನೆಂದು ಕೇಳಿದರು. ನಾನು ಶ್ರಾವಣವನ್ನು ಬಾಯಿಗೆ ಬಂದ ಹಾಗೆ ಬೈದು ನನ್ನ ಕತೆ ಹೇಳಿದೆ.

ಅವರು ತಣ್ಣಗೆ ಕೇಳಿಸಿಕೊಂಡು, "ನೀವು ಒಂದು ತಿಂಗಳಿಗೆ ಇಷ್ಟು ಅಳ್ತಿದೀರ. ನಮ್ಮನೇಲಿ ಅದಕ್ಕೆ ಹನ್ನೆರಡು ತಿಂಗಳೂ ಶ್ರಾವಣ ಕಣಮ್ಮ," ಎಂದರು. ಮಜ್ಜಿಗೆ ನನ್ನ ನೆತ್ತಿಗೆ ಹತ್ತಿತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಬರುವಾಗ ಬಸ್ಸಿನಲ್ಲಿ ಬುಟ್ಟಿ ತೊಡೆಯ ಮೇಲಿತ್ತು. ಪಕ್ಕದ ಸೀಟಿನಲ್ಲಿ ಬಾಗೂರಿನ ಒಬ್ಬ ಹಿರಿಯರು, ಯಾವುದೋ ಮದುವೆ ಮಾತಿಗೆ ನಮ್ಮ ಕಡೆ ಹೊರಟವರು, ಹಣೆಗೆ ನಾಮ. ಬಟ್ಟೆ ಎತ್ತಿ ನೋಡಿದರು. ಇದು ತರಕಾರಿ, ಹುಲ್ಲಿನಲ್ಲಿ ಬೆಳೆದದ್ದು, ರಕ್ತ ಇಲ್ಲ, ಮೂಳೆ ಇಲ್ಲ ಎಂದು ನಾನು ಕೊನೆಯ ಪ್ರಯತ್ನ ಮಾಡಿದೆ.

"ತರಕಾರಿನಾ? ಅಂಗಾರೆ ಬೆಳ್ಳುಳ್ಳಿ ಚಕ್ಕೆ ಲವಂಗ ಆಕಿ ಮಸಾಲೆ ಯಾಕಮ್ಮ ಅರೀತೀರಾ?" ಎಂದರು ಅವರು. "ಯಾವುದುಕ್ಕೆ ಆ ಮಸಾಲೆ ಅರೀತಾರೋ ಅದು ಬಾಡು ಕಣಮ್ಮ."

"ಅಂಗಂದ್ರೆ ಹಲಸಿನಕಾಯೂ ಬಾಡೇನಾ?" ಎಂದಿತು ಹಿಂದಿನ ಸೀಟು. ಬದನೆಕಾಯಿ ಎಣ್ಣೆಗಾಯಿಯ ಗತಿ ಏನು ಎಂದಿತು ಮುಂದಿನ ಸೀಟು. ಬಸ್ಸು ಎರಡು ಪಕ್ಷವಾಯಿತು. ಕಂಡಕ್ಟರ್ ಟಿಕೆಟ್ ಕೊಡುವುದು ಬಿಟ್ಟು ನಿಂತು, ಮೊಟ್ಟೆ ಯಾವ ಕಡೆ ಎಂದು ಇನ್ನೊಂದು ಕೊಳ್ಳಿ ಇಟ್ಟ. ನಮ್ಮೂರಿನ ಸ್ಟಾಪು ದಾಟಿ ಒಂದು ಫರ್ಲಾಂಗು ಹೋದ ಮೇಲೆ ಯಾರಿಗೋ ನೆನಪಾಗಿ ನನ್ನನ್ನು ಇಳಿಸಿದರು. ಒಬ್ಬರೂ ಒಂದು ಹಿಡಿ ಕೊಳ್ಳಲಿಲ್ಲ. ನಡೆದು ಬರುವಾಗ ನಗು ಇಳಿದು ಅಳು ಬಂತು.

ಮನೆಗೆ ಬಂದರೆ ಹುಳದ ಮನೆಯ ಬಾಗಿಲಲ್ಲಿ ಮೈದುನ ಮೊಳ ಹಾಕಿ ಅಳೆಯುತ್ತಿದ್ದ. "ಏನಿಲ್ಲ ಅತ್ಗೆ, ಆಲೂಗಡ್ಡೆ ಎಷ್ಟ್ ಇಡಿತದೆ ಅಂತ ನೋಡ್ತಿದ್ದೆ," ಎಂದು ಹಲ್ಲು ಬಿಟ್ಟ. ಬುಟ್ಟಿಯನ್ನು ಅವನ ತಲೆ ಮೇಲೆ ಕವುಚಬೇಕು ಅನ್ನಿಸಿತು. ಚಿಪ್ಪಣಬೆ ಕೊಯ್ದ ಮೇಲೆ ಒಂದು ದಿನ ತಾಳುತ್ತದೆ, ಹೆಚ್ಚೆಂದರೆ ಎರಡು ದಿನ. ಚೀಲಗಳಲ್ಲಿ ಇನ್ನೂ ರಾಶಿ ಬರುತ್ತಲೇ ಇತ್ತು. ಒಣಗಿಸೋಣವೆಂದರೆ ಹೊರಗೆ ಜಿಟಿಜಿಟಿ ಮಳೆ, ಬಿಸಿಲು ಕಂಡು ವಾರವಾಗಿತ್ತು. ಸೋತೆ ಎಂದು ಹಿತ್ತಲಿನ ಕಲ್ಲಿನ ಮೇಲೆ ಕೂತೆ.

ಅತ್ತೆ ಜಗುಲಿಯಿಂದ ಎದ್ದು ಬಂದರು. ಬುಟ್ಟಿ ನೋಡಿದರು, ಆಕಾಶ ನೋಡಿದರು. "ಉಳ ಅಣ್ಣಾಗಿ ಗೂಡಿಗೆ ಬರಾದು ಬಿಸ್ಲು ನೋಡ್ಕಂಡಾ? ಮಳೆಗಾಲ್ದಾಗೆ ನಾನು ಕೆಂಡದ ಕಾವಲ್ಲಿ ಗೂಡು ಕಟ್ಟುಸ್ತಿರ್ನಿಲ್ವಾ? ಏಳಮ್ಮಿ. ಅಟ್ಟ ಅತ್ತು."

ಅಟ್ಟದಿಂದ ಹಳೇ ಚಂದ್ರಿಕೆಗಳು ಇಳಿದವು. ಹುಳು ಗೂಡು ಕಟ್ಟಲು ಬಿಡುವ ಅಗಲವಾದ ಬಿದಿರಿನ ತಟ್ಟಿಗಳು ಅವು, ಒಳಗೆಲ್ಲ ಸುರುಳಿ ಸುರುಳಿ. ತೊಳೆದು ಒರೆಸಿದೆವು. ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಮೂರು ಬಾಣಲೆಯಲ್ಲಿ ಇದ್ದಿಲ ಕೆಂಡ. ಅಣಬೆಯನ್ನು ಎಳೆ ಎಳೆಯಾಗಿ ಸೀಳಿ ಸುರುಳಿಗಳಲ್ಲಿ ಹರವಿ, ಕೆಂಡಕ್ಕೆ ಮೊಳ ಎತ್ತರದಲ್ಲಿ ಒರಗಿಸಿದೆವು. ಅಂಗೈ ಒಡ್ಡಿ ಕಾವು ನೋಡಿ, ಬೂದಿ ಮುಚ್ಚಿ, ಬೂದಿ ಕೆದಕಿ, ಅತ್ತೆ ಅಲ್ಲಿಂದ ಕದಲಲಿಲ್ಲ. ವ್ರತ ಕೆಡುವುದಿಲ್ಲವೇ ಎಂದು ಕೇಳಿದೆ. "ಮುಟ್ಟಾಕೇನು ದೋಸ? ತಿನ್ನಾಕಿಲ್ಲ, ಅಷ್ಟೇಯ," ಎಂದರು.

ಅಲ್ಲಿಂದ ಶುರುವಾಯಿತು ನಮ್ಮ ಮನೆಯ ವಾಸನೆ. ಕೆಂಡದ ಮೇಲೆ ಒಣಗುವ ಚಿಪ್ಪಣಬೆಯ ವಾಸನೆ ಎಂಥದ್ದೆಂದು ತರಬೇತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಒಣಮೀನು ಸುಟ್ಟ ಹಾಗೆ, ನಾಟಿಕೋಳಿ ಬೆಂದ ಹಾಗೆ, ಎರಡೂ ಒಟ್ಟಿಗೆ. ಅದು ಹಿತ್ತಲು ದಾಟಿತು, ಬೀದಿ ದಾಟಿತು, ಆಂಜನೇಯನ ಗುಡಿಯವರೆಗೂ ಹೋಯಿತು. ಮಾರನೇ ದಿನ ಶ್ರಾವಣ ಶನಿವಾರ ಬೇರೆ. ಬೀದಿಗೆ ಬೀದಿಯೇ ಸ್ನಾನ ಮಾಡಿ, ನಾಮ ಹಾಕಿಕೊಂಡು, ಒಪ್ಪೊತ್ತು ಇತ್ತು. ಹಸಿದ ಹೊಟ್ಟೆಗಳು.

ಎದುರು ಮನೆಯಾಕೆ ಮೊದಲು ಬಂದಳು. ಅವಳ ಹಿಂದೆ ಏಳೆಂಟು ಹೆಂಗಸರು, ಅವರ ಹಿಂದೆ ಗುಡಿಯ ಪೂಜಾರಪ್ಪ. "ಸ್ರಾವಣ ಸನಿವಾರ ನಿಮ್ಮನೇಲಿ ಬಾಡು ಬೇಯ್ತಾ ಅದಲ್ಲವ್ವ, ನಿಮ್ಗೆ ದೇವ್ರು ದಿಂಡ್ರು ಇಲ್ವಾ?" ಎಂದು ಎದುರು ಮನೆಯಾಕೆ ಕಿರುಚಿದಳು. ನಾನು ಅತ್ತೆಯ ಬೆನ್ನ ಹಿಂದೆ ಸರಿದೆ.

ಅತ್ತೆ ಒದ್ದೆ ಕೂದಲು ಗಂಟು ಹಾಕಿಕೊಂಡು, ಒಂದು ಇಡೀ ಚಂದ್ರಿಕೆಯನ್ನು ಎರಡೂ ಕೈಯಲ್ಲಿ ಎತ್ತಿ ಅವರ ಮುಂದೆ ಹಿಡಿದರು. "ತಗಳಿ, ಮೂಸ್ರಿ. ಉಲ್ಲಲ್ಲಿ ಉಟ್ಟಿದ್ದು. ನಾನೂ ಒಪ್ಪೊತ್ತೇಯ, ಬೆಳಿಗ್ಗೆಯಿಂದ ಇದರ ಮುಂದೇ ಕೂತಿವ್ನಿ. ನನ್ ಬಾಯಲ್ಲಿ ನೀರು ಬತ್ತಾ ಅದೆ. ಬಂದ್ರೆ ಏನು? ನೀರು ತಾನೆ? ನುಂಗ್ತಿವ್ನಿ."

ಪೂಜಾರಪ್ಪನೇ ಮೊದಲು ಬಗ್ಗಿ ಮೂಸಿದರು. ಕಣ್ಣು ಮುಚ್ಚಿ ಮೂಸಿದರು. ಆಮೇಲೆ ಇನ್ನೊಂದು ಸಲ ಮೂಸಿದರು. ಅವರ ಗಂಟಲಿನ ಮಣಿ ಮೇಲೆ ಹೋಗಿ ಕೆಳಗೆ ಬಂದದ್ದನ್ನು ನಾವೆಲ್ಲ ನೋಡಿದೆವು. ಎದುರು ಮನೆಯಾಕೆ ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡಳು. ಅದು ಹೇಗೆ ಹರಡಿತೋ, ಇಡೀ ಹಿತ್ತಲೇ ನಗತೊಡಗಿತು. ಹೋಗುವಾಗ ಒಬ್ಬೊಬ್ಬರೂ ನನ್ನ ಕಿವಿಯಲ್ಲಿ ಒಂದೇ ಮಾತು ಹೇಳಿ ಹೋದರು: ಶ್ರಾವಣ ಕಳೆಯುತ್ತಿದ್ದಂತೆ ನಮಗೊಂದು ಪೊಟ್ಟಣ.

ತಿಂಗಳೆಲ್ಲ ಕೊಯ್ದೆವು, ಒಣಗಿಸಿದೆವು. ಎರಡನೇ ಸಲ ಬಂತು, ಮೂರನೇ ಸಲ ಬಂತು. ಮೂರು ದೊಡ್ಡ ಡಬ್ಬ ತುಂಬಿತು. ಬೆಳೆದದ್ದು ಒಂದು ಎಸಳೂ ತಿಪ್ಪೆ ಕಾಣಲಿಲ್ಲ. ಸಂಜೆ ಹೊತ್ತು ವಾಸನೆ ತೆಗೆದುಕೊಳ್ಳಲೆಂದೇ ನಾಲ್ಕು ಜನ ಹಿತ್ತಲಿಗೆ ಬಂದು ಕೂರುತ್ತಿದ್ದರು. ಅತ್ತೆ ಅವರಿಗೆ ಕಾವು ಹೇಗೆ ನೋಡಬೇಕು ಎಂದು ಪಾಠ ಹೇಳುತ್ತಿದ್ದರು, ನಾನು ಕಾಫಿ ಕೊಡುತ್ತಿದ್ದೆ.

ಶ್ರಾವಣ ಕಳೆದ ಮಾರನೇ ದಿನ ಒಣಗಿದ್ದನ್ನು ಬಿಸಿನೀರಿನಲ್ಲಿ ನೆನೆಸಿ, ಕಾಯಿ ಮಸಾಲೆ ಅರೆದು ಸಾರು ಮಾಡಿದೆ. ಮುದ್ದೆ ಬಡಿಸಿದೆ. ಮೈದುನ ಬೆಳಿಗ್ಗೆಯೇ ಆಲೂಗಡ್ಡೆ ಕೀಳಿಸಲು ಶುರು ಮಾಡಿದ್ದ, ಮಣ್ಣು ಕೈ ತೊಳೆದುಕೊಂಡು ಬಂದು ಕೂತ. ಎಲ್ಲರೂ ಅತ್ತೆಯ ತಟ್ಟೆ ನೋಡುತ್ತಿದ್ದೆವು. ಅವರು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ಒಂದು ಚೂರು ಅಣಬೆ ಬಾಯಿಗಿಟ್ಟು ಅಗಿದರು. ಮತ್ತೊಂದು. ಮೂರನೆಯದಕ್ಕೆ ನನ್ನ ಕೈಯಲ್ಲಿದ್ದ ಸೌಟಿಗೆ ಅವರೇ ಕೈ ಹಾಕಿದರು.

"ಅವ್ವ, ರೂಮು..." ಎಂದ ಮೈದುನ.

"ಆಲೂಗಡ್ಡೆನ ನಿನ್ ಮಂಚದಡಿ ಆಕ್ಕಳ್ಳಾ," ಎಂದರು ಅತ್ತೆ, ತಲೆ ಎತ್ತದೆ.

ನಾನು ಗೆದ್ದೆ! ಸೌಟು ಹಿಡಿದುಕೊಂಡೇ ಒಂದು ಸುತ್ತು ತಿರುಗಿಬಿಟ್ಟೆ, ಸಾರು ಗೋಡೆಗೆ ಹಾರಿತು. ಯಜಮಾನರು ತಟ್ಟೆ ಎತ್ತಿಕೊಂಡು ಪಕ್ಕಕ್ಕೆ ಸರಿದರು. "ಅಂಗಾರೆ ರೂಮು ನನ್ದೇ ಆಯ್ತಲ್ವಾ ಅತ್ತೆ?" ಎಂದು ಕೇಳಿದೆ. ಗೆದ್ದದ್ದು ಸಾಲದೆಂದು ಇನ್ನೊಂದು ಸಲ ಕೇಳಿಸಿಕೊಳ್ಳುವ ಆಸೆ.

ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನಿನ್ದಾ? ಸ್ರಾವಣಕ್ಕೆ ಬೆಳೆ ತರೋಳ ಕೈಗೆ ಕೊಡನಾ? ಮೂವತ್ತ್ ವರ್ಸ ಅದು ನನ್ ರೂಮು ಕಣಮ್ಮಿ, ಈಗ್ಲೂ ನನ್ದೇಯ. ಪಿತೃಪಕ್ಸಕ್ಕೆ ಎಲ್ಲರ ಮನೇಲೂ ಎಡೆಗೆ ಬೇಕಾಯ್ತದೆ. ನಾಳಿಕ್ಕೆ ಉಲ್ಲು ಕತ್ತರ್ಸು. ಐದ್ ಗಂಟೆಗೇಳು, ಒತ್ತುಟ್ಟಿ ಮೇಲೆ ಬಂದ್ರೆ ಒಳಿಕ್ಕೆ ಬುಡಾಕಿಲ್ಲ."

ಮೈದುನ ಮುದ್ದೆ ಗಂಟಲಿಗೆ ಸಿಕ್ಕಿ ಕೆಮ್ಮುವಷ್ಟು ನಕ್ಕ. ನನಗೆ ಬಂದ ಕೋಪಕ್ಕೆ ಅಳತೆಯಿರಲಿಲ್ಲ. ಹುಲ್ಲು ತರಿಸಿದ್ದು ನಾನು, ಬೇಯಿಸಿದ್ದು ನಾನು, ಬುಟ್ಟಿ ಹೊತ್ತು ಊರೂರು ಅಲೆದಿದ್ದು ನಾನು! ಪಾತ್ರೆಗಳನ್ನು ಸದ್ದು ಮಾಡಿ ತೊಳೆದೆ. ಅಷ್ಟರಲ್ಲಿ ಜಗುಲಿಯಲ್ಲಿ ಅವರು ಎದುರು ಮನೆಯಾಕೆಗೆ ಹೇಳುತ್ತಿದ್ದುದು ಕೇಳಿಸಿತು: "ನಮ್ಮ ಸೊಸೆ ನೋಡವ್ವ, ತಲೆ ಓಡುಸ್ತಾಳೆ. ಒಸಿ ಮುಂಗೋಪ, ಅದೊಂದು ಬುಟ್ರೆ ಚಿನ್ನ." ಹದಿನೇಳು ವರ್ಷದಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಹೊಗಳಿಕೆ ಅದು. ತೊಳೆಯುತ್ತಿದ್ದ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟೆ.

ಮಾರನೇ ದಿನ ಐದು ಗಂಟೆಗೇ ಎದ್ದು ಹಿತ್ತಲಿಗೆ ಹೋದೆ. ಅತ್ತೆ ಆಗಲೇ ಕೂತು ಹುಲ್ಲು ಕತ್ತರಿಸುತ್ತಿದ್ದರು. ಪಕ್ಕದಲ್ಲಿ ನನಗೂ ಒಂದು ಮಣೆ ಹಾಕಿದ್ದರು.